ಆಫೀಸಿನಲ್ಲಿ ರೇಡಿಯೋ ಸದ್ದು: ಮನಸ್ತಾಪವಿಲ್ಲದೆ ಸರಿಮಾಡಿಕೊಳ್ಳುವುದು ಹೇಗೆ?

ದಾವಣಗೆರೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. "ನಾಲ್ಕೈದು ಜನ ಒಂದೇ ಕೋಣೆಯಲ್ಲಿ ಕೆಲಸ ಮಾಡುತ್ತೇವೆ. ಒಬ್ಬರಿಗೆ ಬೆಳಿಗ್ಗೆಯಿಂದ ಸಂಜೆವರೆಗೆ ರೇಡಿಯೋ ಬೇಕು. ನನಗೆ ಲೆಕ್ಕ ತಪ್ಪುತ್ತದೆ. ಹೇಳಿದರೆ ಮನಸ್ತಾಪ, ಹೇಳದಿದ್ದರೆ ತಲೆನೋವು. ಏನು ಮಾಡಲಿ?" ಮಂಡಿಪೇಟೆಯ ಅಂಗಡಿ ಮೇಲಿನ ಆಡಿಟರ್ ಆಫೀಸಿನವರು ಕೇಳುತ್ತಾರೆ. ಡಿಟಿಪಿ ಸೆಂಟರಿನಲ್ಲಿ ಟೈಪ್ ಮಾಡುವವರು, ಎಪಿಎಂಸಿಯ ದಲ್ಲಾಳಿ ಅಂಗಡಿಯಲ್ಲಿ ಮೆಕ್ಕೆಜೋಳದ ಲೆಕ್ಕ ಬರೆಯುವವರು, ಹೊಲಿಗೆ ಅಂಗಡಿಯವರೂ ಕೇಳುತ್ತಾರೆ.

ಬಹಳ ಜನ ಮೊದಲು ಹೆಡ್‌ಫೋನ್ ಕೊಳ್ಳಲು ಓಡುತ್ತಾರೆ. ಅದು ಕೊನೆಗೆ ಮಾಡಬೇಕಾದ ಕೆಲಸ. ರೇಡಿಯೋ ಒಳ್ಳೆಯದೋ ಕೆಟ್ಟದ್ದೋ ಅಂತ ವಾದಕ್ಕೆ ಕೂತರೆ ಅದು ಮುಗಿಯುವುದೇ ಇಲ್ಲ. ಯಾರ ಕೆಲಸಕ್ಕೆ ಯಾವ ಸದ್ದು ಅಡ್ಡ ಬರುತ್ತಿದೆ ಅಂತ ನೋಡಿದರೆ ದಾರಿ ಕಾಣುತ್ತದೆ. ಈ ಲೇಖನ ಆ ದಾರಿಯಲ್ಲೇ ಹೋಗುತ್ತದೆ.

ಬೇಕಾಗುವ ಸಾಮಾನು

ಒಂದು ನೋಟ್‌ಬುಕ್, ಮೊಬೈಲಿನಲ್ಲಿ ಸದ್ದು ಅಳೆಯುವ ಉಚಿತ ಆ್ಯಪ್ (ಸೌಂಡ್ ಮೀಟರ್ ಅಂತ ಹುಡುಕಿದರೆ ಸಿಗುತ್ತದೆ), ಒಂದು ಹಳೆಯ ಟವೆಲ್, ಬಾಗಿಲ ಸಂದಿಗೆ ಅಂಟಿಸುವ ರಬ್ಬರ್ ಪಟ್ಟಿ. ಫೋಮ್ ಇಯರ್ ಪ್ಲಗ್ ಆಮೇಲೆ ಬೇಕಾದರೆ ತರಬಹುದು. ಇಷ್ಟರಲ್ಲೇ ಮುಕ್ಕಾಲು ಕೆಲಸ ಆಗುತ್ತದೆ.

ಹಂತ 1: ಯಾವ ಸದ್ದು ಅಂತ ಗುರುತಿಸಿ

"ಗಲಾಟೆ ಜಾಸ್ತಿ" ಅಂತ ಹೇಳಿದರೆ ಯಾರೂ ಏನೂ ಮಾಡಲಾಗದು. ಒಂದು ವಾರ ಬರೆದಿಡಿ: ಎಷ್ಟು ಹೊತ್ತಿಗೆ, ಯಾವ ಸದ್ದು, ಆಗ ನೀವು ಯಾವ ಕೆಲಸದಲ್ಲಿದ್ದಿರಿ. ಬರೆಯುವಾಗ ಸದ್ದನ್ನು ಮೂರು ಬಗೆಯಾಗಿ ವಿಂಗಡಿಸಿ. ಮಾತಿರುವ ಸದ್ದು ಒಂದು: ರೇಡಿಯೋ ಜಾಕಿಯ ಮಾತು, ಜಾಹೀರಾತು, ಹಾಡಿನ ಸಾಹಿತ್ಯ, ಪಕ್ಕದವರ ಫೋನು. ಒಂದೇ ಸಮನೆ ಗುಂಯ್‌ಗುಡುವ ಸದ್ದು ಇನ್ನೊಂದು: ಫ್ಯಾನು, ಎಸಿ, ಜನರೇಟರ್. ಮೂರನೆಯದು ಥಟ್ಟನೆ ಬರುವ ಸದ್ದು: ಹಾರ್ನು, ಶಟರ್ ಎಳೆಯುವುದು, ಕಬ್ಬಿಣ ಬಡಿಯುವುದು.

ಓದು, ಬರಹ, ಲೆಕ್ಕಕ್ಕೆ ಹೆಚ್ಚು ಅಡ್ಡಿ ಮಾಡುವುದು ಮಾತಿರುವ ಸದ್ದು. ಕಾರಣ ಸರಳ. ಓದುವಾಗಲೂ ಅಂಕಿ ಕೂಡುವಾಗಲೂ ನಾವು ಮನಸ್ಸಿನೊಳಗೆ ಮಾತಾಡಿಕೊಳ್ಳುತ್ತಿರುತ್ತೇವೆ. ಹೊರಗಿನ ಮಾತು ಬೇಡವೆಂದರೂ ಅದೇ ಜಾಗಕ್ಕೆ ನುಗ್ಗುತ್ತದೆ. ಮನಶ್ಶಾಸ್ತ್ರಜ್ಞರು ಪ್ರಯೋಗಗಳಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಮಾತು ಸಣ್ಣ ದನಿಯಲ್ಲಿದ್ದರೂ ನೆನಪಿನಲ್ಲಿಟ್ಟ ಅಂಕಿಗಳ ಸಾಲು ಕೆಡುತ್ತದೆ. ಹಾಗಾಗಿ "ಸೌಂಡ್ ಕಮ್ಮಿ ಮಾಡಿದೀನಲ್ಲ, ಇನ್ನೇನು?" ಅಂತ ನಿಮ್ಮ ಸಹೋದ್ಯೋಗಿ ಕೇಳಿದರೆ ಅವರದು ಮೊಂಡುತನ ಅಂತ ತಿಳಿಯಬೇಡಿ. ಕಮ್ಮಿ ಮಾಡಿದರೂ ಪದಗಳು ಬಿಡಿಬಿಡಿಯಾಗಿ ಕೇಳುತ್ತಿದ್ದರೆ ತೊಂದರೆ ಉಳಿಯುತ್ತದೆ. ಇದು ಅವರಿಗೆ ಗೊತ್ತಿರುವುದಿಲ್ಲ, ಅಷ್ಟೇ.

ಇನ್ನೊಂದು ಕಡೆಯನ್ನೂ ನೋಡಿ. ಕಾಜಾ ಹೊಲಿಯುವುದು, ಬಿಲ್ ಪುಸ್ತಕ ಜೋಡಿಸುವುದು, ಪ್ಯಾಕಿಂಗ್, ಇಂಥ ಒಂದೇ ತರದ ಕೈಕೆಲಸಕ್ಕೆ ಹಾಡು ನಿಜವಾಗಿ ನೆರವಾಗುತ್ತದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1940ರಿಂದ, ಬಿಬಿಸಿ ಕಾರ್ಖಾನೆ ಕೆಲಸಗಾರರಿಗಾಗಿಯೇ ದಿನವೂ ಸಂಗೀತ ಪ್ರಸಾರ ಮಾಡಿತ್ತು. ದಿನಕ್ಕೆ ಎಂಟು ತಾಸು ಮಿಷನ್ ತುಳಿಯುವವರಿಗೆ ರೇಡಿಯೋ ಜೊತೆಗಾರ. ಅದನ್ನು ಕಿತ್ತುಕೊಳ್ಳುವ ಮಾತಾಡಿದರೆ ಅವರಿಗೆ ನೋವಾಗುವುದು ಸಹಜ ಅಲ್ವಾ? ಒಂದೇ ಕೋಣೆಯಲ್ಲಿ ಎರಡೂ ತರದ ಕೆಲಸ ನಡೆಯುತ್ತಿರುವುದೇ ತೊಂದರೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಹಂತಗಳಿಗೆ ಹೋಗಿ.

ಹಂತ 2: ಅಳೆಯಿರಿ

ಸದ್ದಿನ ಅಳತೆ ಡೆಸಿಬಲ್. ಇದು ಕೆಜಿ, ಮೀಟರಿನ ಹಾಗೆ ನೇರವಾಗಿ ಏರುವ ಅಳತೆಯಲ್ಲ. 3 ಡೆಸಿಬಲ್ ಹೆಚ್ಚಾದರೆ ಸದ್ದಿನ ಶಕ್ತಿ ಎರಡರಷ್ಟಾಗುತ್ತದೆ. 10 ಹೆಚ್ಚಾದರೆ ಕಿವಿಗೆ ಹತ್ತಿರಹತ್ತಿರ ಎರಡು ಪಟ್ಟು ಜೋರು ಅನಿಸುತ್ತದೆ. ಒಂದು ಮೀಟರ್ ದೂರದಲ್ಲಿ ಕೂತು ಇಬ್ಬರು ಮಾಮೂಲಿಯಾಗಿ ಮಾತಾಡಿದರೆ ಸುಮಾರು 60 ಡೆಸಿಬಲ್.

ಮೊಬೈಲನ್ನು ನಿಮ್ಮ ಕುರ್ಚಿಯಲ್ಲಿ, ಕಿವಿಯ ಮಟ್ಟದಲ್ಲಿ ಹಿಡಿದು ಅಳೆಯಿರಿ. ರೇಡಿಯೋ ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ. ಎರಡರ ನಡುವಿನ ಅಂತರ ನಿಮಗೆ ಬೇಕಾದ ಅಂಕಿ. ಇಲ್ಲಿ ಎರಡು ತಪ್ಪು ಆಗುತ್ತವೆ. ಫೋನಿನ ಮೈಕಿಗೆ ಬೆರಳೋ ಕವರೋ ಅಡ್ಡ ಬಂದಿರುತ್ತದೆ. ಇಲ್ಲವೇ ಮೊಬೈಲ್ ತೋರಿಸಿದ ಅಂಕಿಯನ್ನೇ ಪುರಾವೆ ಅಂತ ಜಗಳಕ್ಕೆ ಹಿಡಿಯುತ್ತಾರೆ. ಒಂದೊಂದು ಫೋನು ಒಂದೊಂದು ಅಂಕಿ ತೋರಿಸುತ್ತದೆ. ಅದೇ ಫೋನಿನಲ್ಲಿ ಮೊದಲು ಎಷ್ಟು, ಆಮೇಲೆ ಎಷ್ಟು ಅಂತ ಹೋಲಿಸಿ ನೋಡುವುದಕ್ಕೆ ಮಾತ್ರ ಅದನ್ನು ನಂಬಿ.

ಆ್ಯಪ್ ಇಲ್ಲದೆಯೂ ಒಂದು ಪರೀಕ್ಷೆ ಇದೆ. ಕೈಯಳತೆ ದೂರದಲ್ಲಿ ನಿಂತವರಿಗೆ ಕೇಳಿಸಲು ನೀವು ಕೂಗಬೇಕಾಗಿ ಬಂದರೆ ಅಲ್ಲಿ ಸದ್ದು 85 ಡೆಸಿಬಲ್ ಆಸುಪಾಸಿನಲ್ಲಿದೆ ಅಂತ ತಿಳಿಯಿರಿ. ಹಾಗಿದ್ದರೆ ಹಂತ 3ರಿಂದ 5ನ್ನು ಸದ್ಯ ಬಿಟ್ಟು ನೇರ ಹಂತ 7ಕ್ಕೆ ಹೋಗಿ. ಅದು ಕಿರಿಕಿರಿಯ ಮಾತಲ್ಲ, ಕಿವಿ ಉಳಿಸಿಕೊಳ್ಳುವ ಮಾತು.

ಹಂತ 3: ರೇಡಿಯೋ ಜಾಗ ಬದಲಿಸಿ

ಎಲ್ಲ ಹಂತಗಳಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಇದರ ಮೇಲೆ. ಖರ್ಚಿಲ್ಲ, ಯಾರೂ ಏನೂ ಕಳೆದುಕೊಳ್ಳುವುದಿಲ್ಲ.

ಸಾಮಾನ್ಯವಾಗಿ ರೇಡಿಯೋ ಎಲ್ಲಿರುತ್ತದೆ? ಕೋಣೆಯ ಒಂದು ಮೂಲೆಯಲ್ಲಿ, ಸ್ಟೀಲ್ ಬೀರುವಿನ ಮೇಲೆ, ಪ್ಲಗ್ ಪಾಯಿಂಟ್ ಹತ್ತಿರ. ಕೇಳುವವರು ಇನ್ನೊಂದು ತುದಿಯಲ್ಲಿ. ಅವರಿಗೆ ಕೇಳಿಸಬೇಕೆಂದು ಜೋರು ಇಟ್ಟಿರುತ್ತಾರೆ. ನಡುವೆ ಕೂತವರೆಲ್ಲ ಅದನ್ನು ಅನುಭವಿಸಬೇಕು.

ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. ತಿರುಗಿಸಿ ನೋಡಿ: ಕೇಳುವವರಿಂದ 4 ಮೀಟರ್ ದೂರ ಇದ್ದ ರೇಡಿಯೋವನ್ನು 1 ಮೀಟರ್ ಹತ್ತಿರಕ್ಕೆ ತಂದರೆ, 12 ಡೆಸಿಬಲ್ ಕಮ್ಮಿ ಇಟ್ಟರೂ ಅವರಿಗೆ ಮೊದಲಿನಷ್ಟೇ ಕೇಳುತ್ತದೆ. ಕೋಣೆಯಲ್ಲಿ ಗೋಡೆಗೆ ಬಡಿದು ವಾಪಸ್ ಬರುವ ಸದ್ದೂ ಸೇರುವುದರಿಂದ ಅಷ್ಟು ಪೂರ್ತಿ ಲಾಭ ಸಿಗದು. ಆದರೂ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. ಮಾಡುವುದು ಹೀಗೆ:

1. ಕೇಳುವವರ ಟೇಬಲ್ ಮೇಲೆಯೇ ರೇಡಿಯೋ ಇಡಿ. ಸ್ಪೀಕರ್ ಅವರ ಮುಖದ ಕಡೆ ಇರಲಿ, ಉಳಿದವರ ಕಡೆ ಬೆನ್ನು ಇರಲಿ.

2. ಮೂಲೆಯಿಂದ ಹೊರಗೆ ತನ್ನಿ. ಎರಡು ಗೋಡೆ ಕೂಡುವ ಕಡೆ ಇಟ್ಟರೆ ಗಡಸು ದನಿ, ಅಂದರೆ ಬೇಸ್, ಉಬ್ಬುತ್ತದೆ. ಗೋಡೆ ದಾಟಿ ಪಕ್ಕದ ಕೋಣೆಗೆ ಹೋಗುವುದೂ ಅದೇ.

3. ಕೆಳಗೆ ಟವೆಲ್ ಮಡಿಸಿ ಹಾಕಿ. ಸ್ಟೀಲ್ ಬೀರು, ತೆಳು ಪ್ಲೈವುಡ್ ಟೇಬಲ್ ತಾವೇ ನಡುಗಿ ಇನ್ನೊಂದು ಸ್ಪೀಕರ್ ಆಗುತ್ತವೆ.

4. ಸ್ಟೇಷನ್ ಸರಿಯಾಗಿ ಹಿಡಿಯಿರಿ. ಕರಕರ ಅನ್ನುವ ರೇಡಿಯೋವನ್ನು ಜನ ಜೋರು ಮಾಡುತ್ತಾರೆ, ಪದ ತಿಳಿಯಲಿ ಅಂತ. ಚಿತ್ರದುರ್ಗ ಆಕಾಶವಾಣಿಯ ಎಫ್‌ಎಂ ಕೇಳುವುದಾದರೆ ಆಂಟೆನಾ ಕಡ್ಡಿಯನ್ನು ಪೂರ್ತಿ ಎಳೆದು ಕಿಟಕಿ ಕಡೆ ತಿರುಗಿಸಿ. ಭದ್ರಾವತಿಯನ್ನು ಮೀಡಿಯಂ ವೇವ್‌ನಲ್ಲಿ ಕೇಳುವವರಿಗೆ ಆ ಕಡ್ಡಿಯಿಂದ ಏನೂ ಪ್ರಯೋಜನವಿಲ್ಲ. ಮೀಡಿಯಂ ವೇವ್ ಆಂಟೆನಾ ರೇಡಿಯೋದ ಹೊಟ್ಟೆಯೊಳಗೇ ಇರುತ್ತದೆ. ರೇಡಿಯೋವನ್ನೇ ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಒಂದು ದಿಕ್ಕಿನಲ್ಲಿ ಸ್ವಚ್ಛವಾಗಿ ಬರುತ್ತದೆ. ಯುಪಿಎಸ್, ಮೊಬೈಲ್ ಚಾರ್ಜರ್, ಅಗ್ಗದ ಎಲ್‌ಇಡಿ ಬಲ್ಬು ಹತ್ತಿರ ಇದ್ದರೆ ಕರಕರ ಜಾಸ್ತಿ. ಅವುಗಳಿಂದ ದೂರ ಇಡಿ.

5. ಈಗ ಇಬ್ಬರೂ ಸೇರಿ ವಾಲ್ಯೂಮ್ ಗೊತ್ತುಮಾಡಿ. ನಿಮ್ಮ ಕುರ್ಚಿಯಲ್ಲಿ ಕೂತು ಕೇಳಿದರೆ ಹಾಡು ನಡೆಯುತ್ತಿದೆ ಅಂತ ತಿಳಿಯಬೇಕು, ಪದ ತಿಳಿಯಬಾರದು. ಆ ಜಾಗದಲ್ಲಿ ಗುಂಡಿಯ ಪಕ್ಕ ಒಂದು ಬಣ್ಣದ ಚುಕ್ಕೆ ಅಂಟಿಸಿ.

ಚುಕ್ಕೆ ಯಾಕೆ? ಸುತ್ತ ಸದ್ದು ಹೆಚ್ಚಾದರೆ ನಾವು ಗೊತ್ತಿಲ್ಲದೆಯೇ ದನಿ ಏರಿಸುತ್ತೇವೆ. ಫ್ರಾನ್ಸಿನ ಕಿವಿ ವೈದ್ಯ ಎಟಿಯೆನ್ ಲೊಂಬಾರ್ಡ್ 1911ರಲ್ಲಿ ಇದನ್ನು ವಿವರಿಸಿದ್ದರಿಂದ ಅವರ ಹೆಸರಿನಲ್ಲೇ ಲೊಂಬಾರ್ಡ್ ಪರಿಣಾಮ ಅಂತ ಕರೆಯುತ್ತಾರೆ. ರೇಡಿಯೋ ಜೋರಾದರೆ ಮಾತು ಜೋರಾಗುತ್ತದೆ. ಮಾತು ಜೋರಾದರೆ ರೇಡಿಯೋ ಕೇಳುವವರು ಗುಂಡಿ ತಿರುಗಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕೋಣೆ ಸಂತೆಯಾಗಿರುತ್ತದೆ, ತಪ್ಪು ಯಾರದೂ ಇರುವುದಿಲ್ಲ. ಚುಕ್ಕೆ ಇದ್ದರೆ ಯಾರನ್ನೂ ಬೊಟ್ಟು ಮಾಡದೆ ಮೊದಲಿನ ಜಾಗಕ್ಕೆ ತರಬಹುದು.

ಹಂತ 4: ಮಾತಾಡಿ, ಹೊತ್ತು ಗೊತ್ತುಮಾಡಿ

ಸಿಟ್ಟು ಬಂದಿರುವಾಗ ಈ ಮಾತು ಎತ್ತಬೇಡಿ. ಎಲ್ಲರ ಮುಂದೆಯೂ ಬೇಡ. ಟೀ ಹೊತ್ತಿನಲ್ಲಿ, ಅವರೊಬ್ಬರೇ ಇದ್ದಾಗ ಹೇಳಿ. ಯಜಮಾನರಿಗೆ ಹೇಳಿ ಬೈಸುವುದಂತೂ ಬೇಡವೇ ಬೇಡ. ಒಂದು ದಿನ ರೇಡಿಯೋ ನಿಲ್ಲಬಹುದು, ಮುಂದೆ ಅದೇ ಕೋಣೆಯಲ್ಲಿ ಮುಖ ನೋಡಿಕೊಂಡು ಕೂರಬೇಕಲ್ಲ.

ಹೇಳುವ ಬಗೆ ಹೀಗಿರಲಿ: "ಅಣ್ಣಾ, ಹನ್ನೊಂದರಿಂದ ಒಂದರ ತನಕ ಜಿಎಸ್‌ಟಿ ಲೆಕ್ಕ ತಾಳೆ ನೋಡೋದಿರುತ್ತೆ. ಮಾತು ಕಿವಿಗೆ ಬಿದ್ರೆ ಅಂಕಿ ತಪ್ತಾ ಇದೆ. ಅಷ್ಟು ಹೊತ್ತು ಬಿಟ್ಟು ಆಮೇಲೆ ಹಾಕ್ತೀರಾ?" ದೊಡ್ಡವರಾದರೆ, "ಸಾರ್, ನಿಮ್ಮ ಟೇಬಲ್ ಹತ್ರಾನೇ ರೇಡಿಯೋ ಇಟ್ಟು ಕೊಡ್ಲಾ? ನಿಮಗೆ ಸ್ಪಷ್ಟವಾಗಿ ಕೇಳುತ್ತೆ, ನನಗೂ ಲೆಕ್ಕ ತಪ್ಪಲ್ಲ." ಇದರಲ್ಲಿ ನಿಮ್ಮ ಕೆಲಸ ಯಾವುದು, ಯಾವ ಹೊತ್ತು, ಏನು ಮಾಡಿದರೆ ಸಾಕು ಅನ್ನುವುದು ಇದೆ. ಅವರ ರುಚಿಯ ಬಗ್ಗೆ ಒಂದು ಮಾತೂ ಇಲ್ಲ. "ಅದೇನು ಹಾಡು ಹಾಕ್ತೀರೋ" ಅಂದುಬಿಟ್ಟರೆ ಮಾತು ಅಲ್ಲಿಗೇ ಕೆಡುತ್ತದೆ.

ಒಪ್ಪಂದ ಸಣ್ಣದಿರಲಿ. ಬೆಳಿಗ್ಗೆ ಎರಡು ತಾಸು ಮಾತಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಹಾಡು. ಮೊಬೈಲಿನಲ್ಲಿ ರೀಲ್ಸ್ ನೋಡುವವರು ಇಯರ್‌ಫೋನ್ ಹಾಕಬೇಕು, ಫೋನನ್ನು ಸ್ಪೀಕರಿನಲ್ಲಿಟ್ಟು ಮಾತಾಡಬಾರದು. ಈ ಕೊನೆಯ ಎರಡು ನಿಯಮ ನಿಮಗೂ ಅನ್ವಯಿಸುತ್ತವೆ. ರೇಡಿಯೋದವರನ್ನು ಮಾತ್ರ ಹಿಡಿದು, ತಾನು ದಿನವಿಡೀ ಫೋನಿನಲ್ಲಿ ಜೋರಾಗಿ ಮಾತಾಡುವವರ ಮಾತನ್ನು ಯಾರೂ ಕೇಳುವುದಿಲ್ಲ. ಕ್ರಿಕೆಟ್ ಮ್ಯಾಚ್ ದಿನ ಏನು ಮಾಡುವುದು ಅಂತಲೂ ಮೊದಲೇ ಮಾತಾಡಿಕೊಳ್ಳಿ.

ಹಾಡೇ ಬೇಕು, ಮೌನ ಆಗದು ಅನ್ನುವ ಜಾಗದಲ್ಲಿ ಮಧ್ಯದ ದಾರಿಯೂ ಇದೆ. ಲೆಕ್ಕದ ಹೊತ್ತಿಗೆ ಕೊಳಲು, ವೀಣೆ, ಶಹನಾಯಿ ತರದ ವಾದ್ಯ ಸಂಗೀತ ಹಾಕಿ. ಪದವಿಲ್ಲದ್ದರಿಂದ ಅಡ್ಡಿ ಕಮ್ಮಿ. ಸಿನಿಮಾ ಹಾಡಿನ ಧಾಟಿಯನ್ನೇ ಕೊಳಲಿನಲ್ಲಿ ನುಡಿಸಿದ್ದು ಮಾತ್ರ ಬೇಡ. ಮನಸ್ಸು ತಾನೇ ಸಾಹಿತ್ಯ ಹೇಳಿಕೊಳ್ಳಲು ಶುರುಮಾಡುತ್ತದೆ.

ನಿಮ್ಮ ಕೋಣೆಯಲ್ಲಿ ಕಿವಿ ಮಂದ ಇರುವವರೋ ಶ್ರವಣ ಸಾಧನ ಹಾಕಿಕೊಂಡವರೋ ಇದ್ದರೆ ಅವರ ಮಾತಿಗೆ ಮೊದಲ ಮಣೆ ಕೊಡಿ. ಆ ಸಾಧನ ರೇಡಿಯೋವನ್ನೂ ಮಾತನ್ನೂ ಒಟ್ಟಿಗೇ ದೊಡ್ಡದು ಮಾಡುತ್ತದೆ. ಹಿನ್ನೆಲೆ ಸದ್ದಿನಲ್ಲಿ ಎದುರಿನವರ ಮಾತು ಬಿಡಿಸಿಕೊಳ್ಳುವುದು ಅವರಿಗೆ ಬಹಳ ಸುಸ್ತಿನ ಕೆಲಸ. ಅವರಾಗಿ ಹೇಳಿಕೊಳ್ಳುವುದು ಕಮ್ಮಿ, ನೀವೇ ಕೇಳಿ.

ಹಂತ 5: ಕೋಣೆ ನೋಡಿ

ಸದ್ದು ತಡೆಯುವುದು ಬೇರೆ, ಸದ್ದು ಹೀರುವುದು ಬೇರೆ. ತಡೆಯಲು ತೂಕದ ವಸ್ತು ಬೇಕು: ಇಟ್ಟಿಗೆ ಗೋಡೆ, ಗಟ್ಟಿ ಬಾಗಿಲು. ಹೀರಲು ಮೆತ್ತನೆಯ, ಗಾಳಿ ಆಡುವ ವಸ್ತು ಬೇಕು: ದಪ್ಪ ಪರದೆ, ಜಮಖಾನೆ, ಬಟ್ಟೆಯ ಥಾನುಗಳು. ಟೈಲ್ಸ್ ನೆಲ, ಬರೀ ಗೋಡೆ, ಗಾಜಿನ ಪಾರ್ಟಿಷನ್ ಇರುವ ಆಫೀಸಿನಲ್ಲಿ ಹೀರುವ ವಸ್ತುವೇ ಇರುವುದಿಲ್ಲ. ಅದಕ್ಕೇ ಅಲ್ಲಿ ಸದ್ದು ಗೊಂಯ್ ಅನ್ನುತ್ತದೆ.

ಥರ್ಮೋಕೋಲ್ ಶೀಟಿಗೆ ದುಡ್ಡು ಹಾಕಬೇಡಿ. ಅದು ಶಾಖ ತಡೆಯುತ್ತದೆ, ಸದ್ದನ್ನು ತಡೆಯುವುದೂ ಇಲ್ಲ, ಹೀರುವುದೂ ಇಲ್ಲ. ಮೊಟ್ಟೆ ಟ್ರೇಗಳದ್ದೂ ಅದೇ ಕತೆ. ಮೇಲಿಂದ ಬೆಂಕಿಯ ಅಪಾಯ.

ಬಾಗಿಲ ಸಂದಿ ಮುಚ್ಚುವುದು ಅಗ್ಗ, ಲಾಭ ದೊಡ್ಡದು. ಬಿಂದಿಗೆಯಲ್ಲಿ ಸಣ್ಣ ತೂತಿದ್ದರೂ ನೀರೆಲ್ಲ ಸೋರುವ ಹಾಗೆ, ಬಾಗಿಲ ಕೆಳಗಿನ ಒಂದು ಬೆರಳಿನ ಸಂದಿಯಿಂದ ಗೋಡೆಯ ಗಟ್ಟಿತನವೆಲ್ಲ ವ್ಯರ್ಥವಾಗುತ್ತದೆ. ರಬ್ಬರ್ ಪಟ್ಟಿ ಅಂಟಿಸಿ.

ಕಿಟಕಿ ಮುಚ್ಚಿ ಅಂತ ಬೇರೆ ಕಡೆಯ ಲೇಖನಗಳು ಹೇಳುತ್ತವೆ. ಏಪ್ರಿಲ್ ಬಿಸಿಲಿನಲ್ಲಿ ನಮ್ಮ ಊರಿನಲ್ಲಿ ಅದು ಆಗದ ಮಾತು. ಅದರ ಬದಲು ರಸ್ತೆ ಕಡೆಯ ಕಿಟಕಿ ಮುಚ್ಚಿ, ಹಿಂಬದಿಯದ್ದು ತೆಗೆಯಿರಿ. ಲೆಕ್ಕದವರ ಟೇಬಲ್ ರಸ್ತೆ ಕಿಟಕಿಯಿಂದ ದೂರ ಇರಲಿ, ಆ ಜಾಗ ಪ್ಯಾಕಿಂಗಿಗೆ ಕೊಡಿ. ಫ್ಯಾನ್ ಕಟಕಟ ಅಂದರೆ ಬೇರಿಂಗ್ ನೋಡಿಸಿ. ಮೋಟಾರ್ ಗುಂಯ್ ಅಂದರೆ ಬಹಳ ಸಲ ರೆಗ್ಯುಲೇಟರ್ ಬದಲಿಸಿದರೆ ಸರಿಹೋಗುತ್ತದೆ.

ಹಂತ 6: ಇಷ್ಟಾದ ಮೇಲೂ ಬೇಕಾದರೆ, ಕಿವಿಗೆ

ಫೋಮ್ ಇಯರ್ ಪ್ಲಗ್ ಮೆಡಿಕಲ್ ಶಾಪಿನಲ್ಲೋ ಸೇಫ್ಟಿ ಸಾಮಾನಿನ ಅಂಗಡಿಯಲ್ಲೋ ಸಿಗುತ್ತದೆ. ಬಹಳ ಜನ ಸುಮ್ನೆ ಕಿವಿಯ ಬಾಯಿಗೆ ತುರುಕಿ "ಕೆಲಸ ಮಾಡಲ್ಲ" ಅನ್ನುತ್ತಾರೆ. ಸರಿಯಾದ ಕ್ರಮ ಇದು. ಕೈ ತೊಳೆಯಿರಿ. ಪ್ಲಗ್ಗನ್ನು ಬೆರಳಿನಲ್ಲಿ ಹೊಸೆದು ತೆಳ್ಳಗೆ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಒಳಗೆ ತೂರಿಸಿ, ಅದು ಉಬ್ಬುವ ತನಕ ಅರ್ಧ ನಿಮಿಷ ಬೆರಳಿನಲ್ಲಿ ಒತ್ತಿ ಹಿಡಿಯಿರಿ. ಕಿವಿ ಸೋರುತ್ತಿದ್ದರೆ, ಕಿವಿ ತಮಟೆಗೆ ತೂತಿದ್ದರೆ ಪ್ಲಗ್ ಹಾಕಬೇಡಿ.

ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಬಗ್ಗೆ ಕೇಳುವವರು ಜಾಸ್ತಿ. ಹೊರಗಿನ ಸದ್ದಿನ ತದ್ವಿರುದ್ಧ ಅಲೆಯನ್ನು ತಾನೇ ಹುಟ್ಟಿಸಿ ಅಳಿಸುವ ಹೆಡ್‌ಫೋನ್ ಅದು. ಫ್ಯಾನು, ಎಸಿ, ಜನರೇಟರಿನ ಒಂದೇ ಸಮನಾದ ಸದ್ದಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮನುಷ್ಯರ ಮಾತಿಗೆ ಅಷ್ಟಾಗಿ ಆಗದು. ರೇಡಿಯೋದ ಮಾತು ತಡೆಯಲೆಂದೇ ಸಾವಿರಾರು ರೂಪಾಯಿ ಕೊಟ್ಟರೆ ನಿರಾಸೆಯಾಗುತ್ತದೆ. ಮಾತನ್ನು ಮಸುಕು ಮಾಡಲು ಮಳೆಯ ಸದ್ದು, ಫ್ಯಾನಿನ ಸದ್ದಿನಂಥ ಸಮನಾದ ಸದ್ದನ್ನು ಮೆಲ್ಲಗೆ ಹಾಕಿಕೊಳ್ಳುವುದು ಮೇಲು. ಮೆಲ್ಲಗೆ ಅನ್ನುವುದು ಮುಖ್ಯ. ರೇಡಿಯೋ ಮುಳುಗಿಸಲು ಇಯರ್‌ಫೋನಿನಲ್ಲಿ ಅದಕ್ಕಿಂತ ಜೋರಾಗಿ ಹಾಡು ಹಾಕಿಕೊಂಡರೆ ಕಿವಿಗೆ ಹಾನಿ ಮಾಡಿಕೊಳ್ಳುವವರು ನೀವೇ. ವಾರಕ್ಕೆ 40 ತಾಸು ಕೇಳುವುದಾದರೆ 80 ಡೆಸಿಬಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಮಿಷನ್ ನಡೆಸುವವರು, ಲಾರಿ ಹಿಂದೆ-ಮುಂದೆ ಮಾಡುವ ಜಾಗದಲ್ಲಿ ನಿಲ್ಲುವವರು ಹಾಡಿನ ಇಯರ್‌ಫೋನ್ ಹಾಕಲೇಬಾರದು. ಎಚ್ಚರಿಕೆಯ ಕೂಗು ಕೇಳದೆ ಹೋದರೆ ಜೀವಕ್ಕೇ ಕುತ್ತು.

ಹಂತ 7: ಕೂಗಿ ಮಾತಾಡುವ ಕೋಣೆಯಾದರೆ

ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರಾಗಿತ್ತು. ಮಗ್ಗದ ಸಾಲಿನಲ್ಲಿ ದುಡಿದ ಹಿರಿಯರು ಜೋರಾಗಿ ಮಾತಾಡುವುದನ್ನು ಬಹಳ ಮನೆಗಳಲ್ಲಿ ನೋಡಿರುತ್ತೀರಿ. ಆ ಕಿವಿ ಮತ್ತೆ ಬರುವುದಿಲ್ಲ. ಇಂದು ಆಫ್‌ಸೆಟ್ ಪ್ರೆಸ್, ಫ್ಯಾಬ್ರಿಕೇಷನ್ ಶೆಡ್, ಮರದ ಮಿಲ್ಲು, ಸಾಲು ಹೊಲಿಗೆ ಮಿಷನ್ ಇರುವ ಕಡೆ ಅದೇ ಅಪಾಯ ಇದೆ. ಇಂಥ ಕಡೆ ಮಿಷನ್ ಸದ್ದನ್ನು ಮೀರಿಸಲು ರೇಡಿಯೋ ಹಾಕುವುದು ಹಾನಿಯ ಮೇಲೆ ಹಾನಿ. ಅಲ್ಲಿ ರೇಡಿಯೋ ಬೇಡ.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ ಹೇಳುವ ಮಿತಿ 85 ಡೆಸಿಬಲ್‌ನಲ್ಲಿ 8 ತಾಸು. ಅಲ್ಲಿಂದ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧವಾಗುತ್ತದೆ: 88ರಲ್ಲಿ 4 ತಾಸು, 91ರಲ್ಲಿ 2, 94ರಲ್ಲಿ ಒಂದೇ ತಾಸು. ನಮ್ಮ ಕಾರ್ಖಾನೆ ನಿಯಮಗಳಲ್ಲಿ 8 ತಾಸಿಗೆ ಮಿತಿ 90 ಡೆಸಿಬಲ್. ಕಿವಿಯ ಮೇಲಿನ ಕಾಳಜಿಯಿಂದ 85ನ್ನೇ ಹಿಡಿಯಿರಿ ಅಂತ ನಾನು ಹೇಳುತ್ತೇನೆ. ಸದ್ದಿನಿಂದ ಬರುವ ಕಿವುಡು ಕಾರ್ಖಾನೆ ಕಾನೂನಿನ ಪ್ರಕಾರ ವರದಿ ಮಾಡಲೇಬೇಕಾದ ಕಾಯಿಲೆ. ಕಿವಿ ರಕ್ಷಣೆಯ ಸಾಮಾನು ಕೊಡುವುದು ಮಾಲೀಕರ ಹೊಣೆ, ಕೇಳಲು ಸಂಕೋಚ ಬೇಡ.

ಗುರುತುಗಳು ಇವು: ಕೆಲಸ ಮುಗಿಸಿ ಹೊರಗೆ ಬಂದಾಗ ಕಿವಿಯಲ್ಲಿ ಕುಂಯ್ ಅನ್ನುವುದು, ಹತ್ತಿ ತುರುಕಿದ ಹಾಗೆ ಆಗುವುದು, ಮನೆಯಲ್ಲಿ ಟಿವಿ ಜೋರು ಮಾಡುವುದು, ಮಾತು ಕೇಳಿಸಿದರೂ ಪದ ತಿಳಿಯದಿರುವುದು. ಸದ್ದಿನ ಹಾನಿ ಮೊದಲು ತಾಕುವುದು 4,000 ಹರ್ಟ್ಸ್ ಆಸುಪಾಸಿನ ಕೀಚಲು ದನಿಗಳ ಕೇಳ್ಮೆಗೆ. ಹಾಗಾಗಿ ಸ, ಶ ತರದ ಅಕ್ಷರಗಳು ಮೊದಲು ಮಾಸುತ್ತವೆ. ಇವುಗಳಲ್ಲಿ ಒಂದು ಕಂಡರೂ ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ತೋರಿಸಿ, ಆಡಿಯೋಮೆಟ್ರಿ ಬಗ್ಗೆ ಕೇಳಿ. ಹೆಡ್‌ಫೋನಿನಲ್ಲಿ ಬೇರೆ ಬೇರೆ ದನಿ ಕೇಳಿಸಿ, ಎಷ್ಟು ಮೆಲ್ಲಗಿದ್ದರೂ ಕೇಳುತ್ತದೆ ಅಂತ ನೋಡುವ ನೋವಿಲ್ಲದ ಪರೀಕ್ಷೆ ಅದು. ಹಿಂದಿನ ದಿನದಿಂದ ಜೋರು ಸದ್ದಿನಿಂದ ದೂರ ಇದ್ದು ಹೋದರೆ ಫಲಿತಾಂಶ ಸರಿಯಾಗಿ ಬರುತ್ತದೆ.

ಹಂತ 8: ಸದ್ದು ಹೊರಗಿನದಾದರೆ

ಪಕ್ಕದ ಕಟ್ಟಡದ ಜನರೇಟರ್, ಎದುರು ಅಂಗಡಿಯ ಜಾಹೀರಾತು ಸ್ಪೀಕರ್. ಮೊದಲು ಹೋಗಿ ಮಾತಾಡಿ. ಸ್ಪೀಕರ್ ಸ್ವಲ್ಪ ತಿರುಗಿಸಿದರೆ ಸಾಕಾಗುವ ಸಂದರ್ಭಗಳು ಬಹಳ. ಮಾತಿಗೆ ಬಗ್ಗದಿದ್ದರೆ 2000ದ ಶಬ್ದ ಮಾಲಿನ್ಯ ನಿಯಮಗಳಿವೆ. ಹಗಲು ಅಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ಹಗಲಿನ ಮಿತಿ ವಾಣಿಜ್ಯ ಪ್ರದೇಶದಲ್ಲಿ 65 ಡೆಸಿಬಲ್, ವಸತಿ ಪ್ರದೇಶದಲ್ಲಿ 55. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯದಲ್ಲಿ 50. ಮಿತಿಗಿಂತ 10 ಡೆಸಿಬಲ್ ಅಥವಾ ಹೆಚ್ಚು ಮೀರಿದರೆ ದೂರು ಕೊಡಬಹುದು. ಡೀಸೆಲ್ ಜನರೇಟರಿಗೆ ಸದ್ದು ತಡೆಯುವ ಪೆಟ್ಟಿಗೆ ಇರಬೇಕು. ಅದರಿಂದ 1 ಮೀಟರ್ ದೂರದಲ್ಲಿ 75 ಡೆಸಿಬಲ್ ದಾಟಬಾರದು. ಪೆಟ್ಟಿಗೆಯ ಬಾಗಿಲು ತೆಗೆದಿಟ್ಟು ಓಡಿಸುತ್ತಿದ್ದಾರೆಯೇ ಅಂತ ಮೊದಲು ನೋಡಿ.

ದೂರಿನಲ್ಲಿ ದಿನಾಂಕ, ಹೊತ್ತು, ಎಷ್ಟು ಹೊತ್ತು ನಡೆಯಿತು, ಸದ್ದು ಎಲ್ಲಿಂದ ಬಂತು, ಇಷ್ಟು ಬರೆಯಿರಿ. ಹಂತ 1ರಲ್ಲಿ ಬರೆದಿಟ್ಟ ನೋಟ್‌ಬುಕ್ಕಿನ ಜೆರಾಕ್ಸ್ ಸೇರಿಸಿ. ಪೊಲೀಸ್ ಠಾಣೆಗೆ ಒಂದು ಪ್ರತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಒಂದು ಪ್ರತಿ ಕೊಟ್ಟು, ಎರಡು ಕಡೆಯೂ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.